ಸಂಘದ ವೆಬ್ ಅಪ್ಲಿಕೇಶನ್‌ಗೆ ಯಾವ ರೆಡಿಮೇಡ್ ಕಾಂಪೊನೆಂಟ್ ತರೋದು, ಯಾವುದನ್ನ ನಾವೇ ಬರೆಯೋದು?

ಕೊತ್ರೂಡ್_ಧಾರವಾಡಿ

ನಮಸ್ಕಾರ್ರಿ ಎಲ್ಲಾರಿಗೂ. ಪುಣೆದಾಗ ನಮ್ಮ ಕನ್ನಡ ಸಂಘಕ್ಕ ಒಂದು ವೆಬ್ ಅಪ್ಲಿಕೇಶನ್ ಕಟ್ಟಲಿಕತ್ತೀವಿ. ಸದಸ್ಯರ ನೋಂದಣಿ, ಸಭಾಂಗಣದ ಬುಕಿಂಗ್, ದೇಣಿಗೆ ರಸೀದಿ, ರಾಜ್ಯೋತ್ಸವಕ್ಕ ಪಾಸು ಕೊಡೋದು, ಇಷ್ಟು ಕೆಲಸ. ಕನ್ನಡ, ಮರಾಠಿ, ಇಂಗ್ಲಿಷ್ ಮೂರೂ ಬೇಕು. ಕೋಡ್ ಬರಿಯೋರು ಮೂರು ಮಂದಿ, ಮೂವರಿಗೂ ನೌಕರಿ ಅದ, ಶನಿವಾರ ರವಿವಾರ ಅಷ್ಟ ಸಿಗತದ.

ಸರ್ವರ್ ಕಡೆ ಪೈಥಾನ್‌ನ ಜಾಂಗೊ ಚೌಕಟ್ಟು, ಡೇಟಾಬೇಸ್ ಪೋಸ್ಟ್‌ಗ್ರೆಸ್ ಅಂತ ನಿಕ್ಕಿ ಆಗೇದ. ವಾದ ನಡದಿರೋದು ಉಳದದ್ದರ ಬಗ್ಗೆ. ಒಬ್ಬರು ಎಲ್ಲಾಕ್ಕೂ ಎನ್‌ಪಿಎಂನಾಗ (ಜಾವಾಸ್ಕ್ರಿಪ್ಟ್ ಕೋಡಿನ ಸಾರ್ವಜನಿಕ ಭಂಡಾರ) ಪ್ಯಾಕೇಜ್, ಅಂದ್ರ ಬ್ಯಾರೆಯವರು ಬರದಿಟ್ಟ ಕೋಡ್ ಅದ, ತಂದು ಜೋಡಿಸೋಣ ಅಂತಾರ. ಇನ್ನೊಬ್ಬರು ಒಂದೂ ಬ್ಯಾಡ ಅಂತಾರ. ಕ್ಯಾಲೆಂಡರ್, ಪಿಡಿಎಫ್, ಎಡಿಟರ್, ಲಾಗಿನ್, ಪೇಮೆಂಟ್, ಇವುಗಳಾಗ ಯಾವುದು ಹೊರಗಿಂದ ತರಬೇಕು? ಆರಿಸೋವಾಗ ಡೌನ್‌ಲೋಡ್ ಸಂಖ್ಯೆ, ಗಿಟ್‌ಹಬ್ ನಕ್ಷತ್ರ (ಕೋಡ್ ಹಂಚೋ ತಾಣದಾಗ ಮಂದಿ ಕೊಡೋ ಮೆಚ್ಚುಗೆ) ಬಿಟ್ಟು ಬ್ಯಾರೆ ಏನು ನೋಡ್ತೀರಿ?

ಡೊಂಬಿವಲಿ_ಫಾಸ್ಟ್

ಒಳ್ಳೆ ಪ್ರಶ್ನೆ ಮಾರಾಯ್ರೆ. ನಿಮ್ಮ ಇಬ್ಬರು ಗೆಳೆಯರೂ ಅರ್ಧರ್ಧ ಸರಿ.

ನಾನು ಯಾವ ಪ್ಯಾಕೇಜ್ ತರುವ ಮೊದಲೂ ಕೇಳಿಕೊಳ್ಳುವುದು ಎರಡೇ. ಒಂದು, ಈ ಕೆಲಸವನ್ನು ನಾವು ತಪ್ಪಾಗಿ ಬರೆದರೆ ಯಾರಿಗೆ ಎಷ್ಟು ನಷ್ಟ? ಎರಡು, ನಾಳೆ ಇದನ್ನು ಕಿತ್ತು ಹಾಕಬೇಕಾದರೆ ನಮ್ಮ ಕೋಡಿನಲ್ಲಿ ಎಷ್ಟು ಕಡೆ ಕೈ ಹಾಕಬೇಕು? ಪಾಸ್‌ವರ್ಡ್ ಕಾಯುವುದು, ಎಚ್‌ಟಿಎಂಎಲ್‌ನಿಂದ ಕೆಟ್ಟ ಸ್ಕ್ರಿಪ್ಟ್ ತೆಗೆಯುವುದು, ಹಣ ಕಟ್ಟಿಸಿಕೊಳ್ಳುವುದು, ಇವೆಲ್ಲ ತಪ್ಪಿದರೆ ಸದಸ್ಯರಿಗೆ ನೇರ ಪೆಟ್ಟು. ಇವನ್ನು ವರ್ಷಗಟ್ಟಲೆ ನೂರಾರು ಕಣ್ಣು ನೋಡಿದ ಜಾಗದಿಂದಲೇ ತರಬೇಕು. ಸಂಖ್ಯೆಯ ಎಡಗಡೆ ಸೊನ್ನೆ ಸೇರಿಸುವುದು, ಪಟ್ಟಿಯಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆಯುವುದು, ಇದಕ್ಕೆಲ್ಲ ಪ್ಯಾಕೇಜ್ ತಂದರೆ ಗುಬ್ಬಿ ಮೇಲೆ ಬ್ರಹ್ಮಾಸ್ತ್ರ.

ಎಡಗಡೆ ತುಂಬುವ ಮಾತು ಸುಮ್ಮನೆ ಹೇಳಿದ್ದಲ್ಲ. 2016ರ ಮಾರ್ಚ್‌ನಲ್ಲಿ ಲೆಫ್ಟ್‌ಪ್ಯಾಡ್ ಎಂಬ 11 ಸಾಲಿನ ಪ್ಯಾಕೇಜನ್ನು ಅದರ ಲೇಖಕ ಎನ್‌ಪಿಎಂನಿಂದ ತೆಗೆದುಬಿಟ್ಟ. ಇನ್ನೊಂದು ಪ್ಯಾಕೇಜಿನ ಹೆಸರಿನ ಬಗ್ಗೆ ಎದ್ದ ತಕರಾರಿನಲ್ಲಿ ಬೇಸತ್ತು ತನ್ನದೆಲ್ಲವನ್ನೂ ಹಿಂತೆಗೆದುಕೊಂಡಿದ್ದ. ಬೇಬಲ್‌ನಂಥ ದೊಡ್ಡ ಉಪಕರಣಗಳೂ ಒಳಗೊಳಗೆ ಅದರ ಮೇಲೆ ನಿಂತಿದ್ದವು. ಲೋಕದ ತುಂಬ ಬಿಲ್ಡ್‌ಗಳು (ಕೋಡಿನಿಂದ ಅಪ್ಲಿಕೇಶನ್ ಕಟ್ಟುವ ಕೆಲಸ) ನಿಂತವು, ಎನ್‌ಪಿಎಂ ತಾನೇ ಮುಂದೆ ಬಿದ್ದು ಆ 11 ಸಾಲನ್ನು ವಾಪಸ್ ಹಾಕಬೇಕಾಯಿತು. ಇವತ್ತು ಆ ಕೆಲಸಕ್ಕೆ ಜಾವಾಸ್ಕ್ರಿಪ್ಟ್‌ನಲ್ಲೇ ಪ್ಯಾಡ್‌ಸ್ಟಾರ್ಟ್ ಇದೆ.

ಮುಂಬಯಿಯ ಉಡುಪಿ ಹೋಟೆಲುಗಳಲ್ಲಿ ಗ್ಯಾಸು, ಗ್ರೈಂಡರು ಹೊರಗಿನಿಂದ ಬರುತ್ತವೆ, ಸಾಂಬಾರಿನ ಮಸಾಲೆ ಮಾತ್ರ ತಮ್ಮದೇ. ನಿಮ್ಮ ಸಂಘದ ಮಸಾಲೆ ಯಾವುದು ಅಂತ ಮೊದಲು ಗುರುತು ಹಾಕಿ. ನನ್ನ ಅಂದಾಜಿನಲ್ಲಿ ಅದು ಬುಕಿಂಗ್ ನಿಯಮ ಮತ್ತು ಸದಸ್ಯತ್ವದ ನಿಯಮ. ಅದನ್ನು ಯಾವ ಕಾಂಪೊನೆಂಟಿಗೂ ಒಪ್ಪಿಸಬೇಡಿ.

ಹಿಂಜವಡಿ_ಫೇಸ್3

ಸ್ವಲ್ಪ ಬೇರೆ ಮಾತು ಹೇಳ್ತೀನಿ. ವಾರಕ್ಕೆ ಎರಡು ದಿನ ಸಿಗೋ ಮೂರು ಜನಕ್ಕೆ "ನೀವೇ ಬರೀರಿ" ಅನ್ನೋದು ನ್ಯಾಯ ಅಲ್ಲ. ನಾವೇ ಬರೆದದ್ದು ಸುರಕ್ಷಿತ ಅನ್ನೋದೂ ಭ್ರಮೆ. ಸ್ವಂತ ಲಾಗಿನ್ ಬರೆದು ಪಾಸ್‌ವರ್ಡನ್ನ ಹಾಗೇ ಟೇಬಲ್‌ನಲ್ಲಿ ಇಟ್ಟಿರೋ ಅಪ್ಲಿಕೇಶನ್‌ಗಳನ್ನ ಪುಣೆಯಲ್ಲೇ ಕಣ್ಣಾರೆ ನೋಡಿದ್ದೀನಿ. ಸ್ವಂತ ದಿನಾಂಕದ ಕೋಡ್ ಬರೆದೋರಿಗೆ ಟೈಮ್‌ಝೋನ್ ಕೈಕೊಡುತ್ತೆ: ಸರ್ವರ್ ಯುಟಿಸಿ ಅನ್ನೋ ವಿಶ್ವ ಸಮಯದಲ್ಲಿ, ನಾವು ಐದೂವರೆ ಗಂಟೆ ಮುಂದೆ. ಬೆಳಗಿನ ಜಾವ ಐದಕ್ಕೆ ಮಾಡಿದ ಬುಕಿಂಗ್ ಹಿಂದಿನ ದಿನಕ್ಕೆ ಹೋಗಿ ಕೂರುತ್ತೆ. ಹೊರಗಿನ ಕೋಡ್‌ಗೆ ದೋಷ ಇದ್ರೆ ಯಾರಾದ್ರೂ ಹುಡುಕಿ ಸಿವಿಇ, ಅಂದ್ರೆ ದೋಷದ ಸಾರ್ವಜನಿಕ ನೋಂದಣಿ, ಹಾಕ್ತಾರೆ. ನಿಮ್ಮ ಸ್ವಂತ ಕೋಡ್‌ನ ದೋಷಕ್ಕೆ ಸಿವಿಇ ಹಾಕೋರು ಯಾರು?

ಡೊಂಬಿವಲಿ_ಫಾಸ್ಟ್

ಅದಕ್ಕೇ ಲಾಗಿನ್ ಹೊರಗಿನಿಂದ ತನ್ನಿ ಅಂದದ್ದು. ಜಾಂಗೊ ಆರಿಸಿಕೊಂಡದ್ದರಿಂದ ಅರ್ಧ ಪ್ರಶ್ನೆ ಮುಗಿದೇ ಹೋಗಿದೆ. ಲಾಗಿನ್, ಪಾಸ್‌ವರ್ಡ್ ಹ್ಯಾಶ್ (ಮೂಲ ತಿಳಿಯದಂತೆ ಮಾರ್ಪಡಿಸಿ ಇಡುವುದು), ಫಾರ್ಮ್ ಪರಿಶೀಲನೆ, ಸಿಎಸ್‌ಆರ್‌ಎಫ್ (ಬೇರೆ ಸೈಟಿನಿಂದ ಬಳಕೆದಾರರ ಹೆಸರಲ್ಲಿ ಬರುವ ಕಳ್ಳ ಕೋರಿಕೆ) ತಡೆ, ಅಡ್ಮಿನ್ ಪುಟ ಎಲ್ಲ ಒಳಗೇ ಇದೆ, ಎಲ್ಲ ಒಂದೇ ತಂಡದ ಹೊಣೆ. 5.2 ಎಲ್‌ಟಿಎಸ್ (ದೀರ್ಘಕಾಲ ಬೆಂಬಲದ) ಆವೃತ್ತಿಗೆ 2028ರ ಏಪ್ರಿಲ್‌ವರೆಗೆ ಭದ್ರತಾ ತಿದ್ದುಪಡಿ ಬರುತ್ತದೆ ಅಂತ ಅವರೇ ದಿನ ಹೇಳಿದ್ದಾರೆ. ಬೆಂಬಲ ಯಾವತ್ತು ನಿಲ್ಲುತ್ತದೆ ಅಂತ ಮುಂಚೆಯೇ ಹೇಳುವ ತಂಡ ನನಗೆ ಎಷ್ಟೋ ನಕ್ಷತ್ರಗಳಿಗಿಂತ ಮೇಲು. ವೆಬ್ ಪುಟ ಕಟ್ಟುವ ಚೌಕಟ್ಟುಗಳಲ್ಲಿ ಆಂಗ್ಯುಲರ್‌ಜೆಎಸ್‌ನ ಬೆಂಬಲ 2021ರ ಕೊನೆಗೆ ನಿಂತಿತು, ವ್ಯೂನ 2ನೇ ಆವೃತ್ತಿಯದು 2023ರ ಕೊನೆಗೆ. ಎರಡಕ್ಕೂ ಮುಂಚೆಯೇ ದಿನ ಗೊತ್ತಿತ್ತು, ಬೇಕಾದವರು ದಾಟಿಕೊಂಡರು.

ಟೈಮ್‌ಝೋನ್ ಮಾತು ನೂರಕ್ಕೆ ನೂರು ಒಪ್ಪುತ್ತೇನೆ.

ಒತ್ತಕ್ಷರ

ಎಲ್ಲರೂ ಭದ್ರತೆ ಬಗ್ಗೆ ಬರೆದಿದ್ದೀರಿ, ಕನ್ನಡದ ಬಗ್ಗೆ ಯಾರೂ ಬರೆಯಲಿಲ್ಲ. ಮೂಲ ಪ್ರಶ್ನೆಯಲ್ಲಿ ಮೂರು ಭಾಷೆ ಇದೆ. ಇಂಗ್ಲಿಷ್ ಡೆಮೊ ನೋಡಿ ಕಾಂಪೊನೆಂಟ್ ಆರಿಸಿದರೆ ನಮ್ಮವರ ಹೆಸರು ಹಾಳಾಗುತ್ತದೆ, ಅಕ್ಷರಶಃ.

ಮೊದಲು ಪಿಡಿಎಫ್. ಬ್ರೌಸರಿನಲ್ಲೇ ರಸೀದಿ ತಯಾರಿಸುವ ಒಂದು ಜನಪ್ರಿಯ ಕಾಂಪೊನೆಂಟಿಗೆ ನೋಟೊ ಸ್ಯಾನ್ಸ್ ಕನ್ನಡ ಫಾಂಟ್ ಕೊಟ್ಟು "ಲಕ್ಷ್ಮಿ" ಅಂತ ಬರೆಸಿದೆ. ಬಂದದ್ದು ಲ, ಆಮೇಲೆ ಕ, ಪಕ್ಕದಲ್ಲಿ ಬಿಡಿಯಾಗಿ ನಿಂತ ಅರ್ಧಾಕ್ಷರದ ಗುರುತು, ಷ, ಮತ್ತೆ ಗುರುತು, ಮ, ಕೊನೆಗೆ ಯಾರಿಗೂ ಸೇರದ ಗುಡಿಸು. ಫಾಂಟಿನ ತಪ್ಪಲ್ಲ. ಯೂನಿಕೋಡಿನಲ್ಲಿ ಈ ಹೆಸರು ಏಳು ಸಂಕೇತಗಳ ಸಾಲು. ಅದನ್ನು ಒತ್ತಕ್ಷರವಾಗಿ ಹೆಣೆಯುವ ನಿಯಮ ಫಾಂಟಿನ ಒಳಗಿರುತ್ತದೆ, ಆ ನಿಯಮವನ್ನು ಓದಿ ನಡೆಸಲು ಶೇಪಿಂಗ್ ಎಂಜಿನ್ ಬೇಕು. ಕ್ರೋಮ್, ಫೈರ್‌ಫಾಕ್ಸ್‌ನಲ್ಲಿ ಹಾರ್ಫ್‌ಬಝ್ ಆ ಕೆಲಸ ಮಾಡುತ್ತದೆ. ಈ ಕಾಂಪೊನೆಂಟು ಒಂದು ಸಂಕೇತಕ್ಕೆ ಒಂದು ಚಿತ್ರ ಎಂದು ಸಾಲಾಗಿ ಇಟ್ಟುಬಿಡುತ್ತದೆ. ಇಂಗ್ಲಿಷಿಗೆ ಅಷ್ಟು ಸಾಕು, ಕನ್ನಡಕ್ಕೂ ಮರಾಠಿಗೂ ಸಾಲದು.

ನೀವು ಜಾಂಗೊದಲ್ಲಿ ಇರುವುದರಿಂದ ವೀಸಿಪ್ರಿಂಟ್ ನೋಡಿ. ಅದು ಅಕ್ಷರ ಜೋಡಣೆಗೆ ಪ್ಯಾಂಗೋ ಬಳಸುತ್ತದೆ, ಪ್ಯಾಂಗೋ ಹಾರ್ಫ್‌ಬಝ್ ಬಳಸುತ್ತದೆ. ಎಚ್‌ಟಿಎಂಎಲ್ ಪುಟ ಕೊಟ್ಟರೆ ಪಿಡಿಎಫ್ ಕೊಡುತ್ತದೆ. ಇನ್ನೊಂದು ದಾರಿ ಸರ್ವರಿನಲ್ಲಿ ಪರದೆ ಇಲ್ಲದ ಕ್ರೋಮ್ ಓಡಿಸುವುದು. ಅದೂ ಸರಿಯಾಗಿ ಬರುತ್ತದೆ, ಆದರೆ ರಸೀದಿಗೋಸ್ಕರ ಇಡೀ ಬ್ರೌಸರ್ ಸಾಕಬೇಕು.

ಸಣ್ಣಪುಟ್ಟ ಕಡೆಯೂ ಹೀಗೇ. ಫೋಟೊ ಇಲ್ಲದವರಿಗೆ ಹೆಸರಿನ ಮೊದಲಕ್ಷರ ತೋರಿಸುವ ಕಾಂಪೊನೆಂಟ್ "ಶ್ರೀನಿವಾಸ"ನಿಗೆ ಶ ತೋರಿಸುತ್ತದೆ, "ಕೃಷ್ಣ"ನಿಗೆ ಕ. ಉದ್ದದ ಹೆಸರನ್ನು ಕತ್ತರಿಸಿ ಮೂರು ಚುಕ್ಕಿ ಇಡುವ ಕಾಂಪೊನೆಂಟ್ ಒತ್ತಕ್ಷರದ ನಡುವೆಯೇ ಕತ್ತರಿ ಹಾಕುತ್ತದೆ. ಹುಡುಕಾಟ ಇನ್ನೂ ಸೂಕ್ಷ್ಮ: "ಗೋಕಾಕ"ದ ಓತ್ವದ ದೀರ್ಘವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿ ಭಾಗಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ. ಇದಕ್ಕೆ ಹೊರಗಿನ ಪ್ಯಾಕೇಜ್ ಬೇಡ. ಜಾವಾಸ್ಕ್ರಿಪ್ಟ್‌ನಲ್ಲಿ ನಾರ್ಮಲೈಝ್ ಇದೆ, ಪೈಥಾನ್‌ನಲ್ಲಿ ಯೂನಿಕೋಡ್‌ಡೇಟಾ ಇದೆ. ಉಳಿಸುವ ಮೊದಲು ಎಲ್ಲವನ್ನೂ ಎನ್‌ಎಫ್‌ಸಿ (ಬಿಡಿ ಭಾಗಗಳನ್ನು ಒಂದೇ ಸಂಕೇತವಾಗಿ ಜೋಡಿಸಿದ) ರೂಪಕ್ಕೆ ತನ್ನಿ. "ಸಾಫ್ಟ್‌ವೇರ್" ಥರದ ಪದಗಳ ನಡುವೆ ಕಾಣದಂತೆ ಕೂರುವ ಜೀರೋ ವಿಡ್ತ್ ನಾನ್‌ಜಾಯ್ನರ್‌ಗೆ (ಒತ್ತಕ್ಷರ ಆಗದಂತೆ ತಡೆಯುವ ಗುರುತು) ಎನ್‌ಎಫ್‌ಸಿ ಏನೂ ಮಾಡುವುದಿಲ್ಲ. ಅದನ್ನು ಹುಡುಕಾಟದ ಕಾಲಂನಿಂದ ಮಾತ್ರ ತೆಗೆಯಿರಿ, ತೋರಿಸುವ ಹೆಸರಿನಿಂದ ತೆಗೆಯಬೇಡಿ.

ಯಾವ ಕಾಂಪೊನೆಂಟ್ ಆದರೂ ಒಪ್ಪುವ ಮೊದಲು ಇವನ್ನು ಕೊಟ್ಟು ನೋಡಿ: ಲಕ್ಷ್ಮಿ, ಶ್ರೀನಿವಾಸ, ಕುಲಕರ್ಣಿ, ಸೂರ್ಯ, ಸ್ವಾತಂತ್ರ್ಯ.

ಕೊತ್ರೂಡ್_ಧಾರವಾಡಿ

ಸ್ವಾತಂತ್ರ್ಯ ಕೊಟ್ಟು ನೋಡಿದ್ವಿ. ನಾವು ಗೊತ್ತು ಮಾಡಿದ್ದ ಪಿಡಿಎಫ್ ಕಾಂಪೊನೆಂಟು ಅಲ್ಲೇ ಬಿತ್ತರಿ. ವೀಸಿಪ್ರಿಂಟ್‌ನಾಗ ಕನ್ನಡ ಮರಾಠಿ ಎರಡೂ ಛಂದ ಬಂತು. ಭಾಳ ದೊಡ್ಡ ಉಪಕಾರ.

ಕ್ಯಾಲೆಂಡರ್ ಬಗ್ಗೆ ಯಾರರ ಹೇಳ್ರಿ. ನಮಗ ದೊಡ್ಡ ಸಭಾಂಗಣ, ಸಣ್ಣ ಸಭಾಂಗಣ, ಊಟದ ಮನಿ ಮೂರೂ ಒಂದೇ ಪರದೆ ಮ್ಯಾಲೆ ಅಕ್ಕಪಕ್ಕ ಕಾಣಬೇಕು.

ಮಡಗಾಂವ್_ಮುಂಗಾರು

ಗೋವಾದಲ್ಲಿ ಹೋಟೆಲು, ಹೋಮ್‌ಸ್ಟೇಗಳಿಗೆ ಬುಕಿಂಗ್ ಅಪ್ಲಿಕೇಶನ್ ಮಾಡಿಕೊಡ್ತೇನೆ, ನಿಮ್ಮ ಲೆಕ್ಕಾಚಾರವೇ ನನ್ನದೂ. ಫುಲ್‌ಕ್ಯಾಲೆಂಡರ್ ಎಂಬ ಕಾಂಪೊನೆಂಟ್ ಚೆನ್ನಾಗಿದೆ, ಮೂಲ ಭಾಗಕ್ಕೆ ಎಂಐಟಿ ಲೈಸೆನ್ಸ್, ಅಂದರೆ ಹೆಚ್ಚು ನಿರ್ಬಂಧ ಇಲ್ಲದ ಮುಕ್ತ ಲೈಸೆನ್ಸ್. ಆದರೆ ಹಲವು ಜಾಗಗಳನ್ನು ಅಕ್ಕಪಕ್ಕ ತೋರಿಸುವ ರಿಸೋರ್ಸ್ ನೋಟ ಅವರ ಪ್ರೀಮಿಯಂ ಭಾಗ, ಅದಕ್ಕೆ ಬೇರೆ ಲೈಸೆನ್ಸ್ ನಿಯಮ. ನಿಮಗೆ ಬೇಕಾದದ್ದು ಅದೇ. ಡೆಮೊ ನೋಡಿ ಮರುಳಾಗುವ ಮೊದಲು ಲೈಸೆನ್ಸ್ ಪುಟ ಓದಿ. ಮೂರೇ ಜಾಗ ಆದರೆ ಒಂದು ಸಾದಾ ಎಚ್‌ಟಿಎಂಎಲ್ ಟೇಬಲ್ ಸಾಕು: ಮೇಲೆ ಸಭಾಂಗಣ, ಎಡಕ್ಕೆ ಹೊತ್ತು.

ಕ್ಯಾಲೆಂಡರ್ ಕಾಂಪೊನೆಂಟು ತೋರಿಸುತ್ತದೆ ಅಷ್ಟೆ, ಕಾಯುವುದಿಲ್ಲ. ಒಂದೇ ಸಂಜೆಗೆ ಎರಡು ಮನೆಯ ನಿಶ್ಚಿತಾರ್ಥ ಬುಕ್ ಆಗದ ಹಾಗೆ ಕಾಯಬೇಕಾದ್ದು ಡೇಟಾಬೇಸ್. ಬಣ್ಣದ ಚೌಕ ಖಾಲಿ ಕಂಡ ಇಬ್ಬರು ಒಂದೇ ಗಳಿಗೆಯಲ್ಲಿ ಗುಂಡಿ ಒತ್ತಿದರೆ, ಮೊದಲು ಹುಡುಕಿ ಆಮೇಲೆ ಉಳಿಸುವ ಕೋಡ್ ಇಬ್ಬರಿಗೂ ಹೌದು ಅನ್ನುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಎಕ್ಸ್‌ಕ್ಲೂಷನ್ ಕನ್‌ಸ್ಟ್ರೇಂಟ್ ಇದೆ: ಸಭಾಂಗಣ ಒಂದೇ, ಸಮಯದ ಅವಧಿ ಒಂದರ ಮೇಲೊಂದು ಬೀಳುವಂತಿದ್ದರೆ ಎರಡನೆಯ ಸಾಲನ್ನು ಒಳಗೇ ಬಿಡುವುದಿಲ್ಲ. ಜಾಂಗೊ 3.0ರಿಂದ ಅದನ್ನು ಮಾಡೆಲ್‌ನಲ್ಲೇ ಬರೆಯಬಹುದು. ಪೋಸ್ಟ್‌ಗ್ರೆಸ್‌ನ ಬಿಟ್ರೀ ಜಿಸ್ಟ್ ಎಕ್ಸ್‌ಟೆನ್ಷನ್ ಒಂದು ಚಾಲೂ ಮಾಡಬೇಕು. ಇದಿದ್ದರೆ ಯಾವ ಕ್ಯಾಲೆಂಡರ್ ತಂದರೂ, ಮುಂದಿನ ವರ್ಷ ಅದನ್ನು ಬಿಸಾಡಿದರೂ ಬುಕಿಂಗ್ ಭದ್ರ.

ಲೈಸೆನ್ಸ್ ನಡುವೆ ಬದಲಾಗುತ್ತದೆ ಅನ್ನುವುದೂ ನೆನಪಿರಲಿ. ಟೈನಿಎಂಸಿಇ ಎಡಿಟರ್ 2024ರಲ್ಲಿ 7ನೇ ಆವೃತ್ತಿಯಿಂದ ಎಂಐಟಿ ಬಿಟ್ಟು ಜಿಪಿಎಲ್‌ಗೆ (ಅದನ್ನು ಸೇರಿಸಿದ ಕೋಡನ್ನು ಹಂಚಿದರೆ ಅದನ್ನೂ ಮುಕ್ತವಾಗಿ ಕೊಡಬೇಕೆನ್ನುವ ಲೈಸೆನ್ಸ್) ಹೋಯಿತು. ರೆಡಿಸ್ ಎಂಬ ಡೇಟಾಬೇಸ್ ಅದೇ ವರ್ಷ ಮಾರ್ಚ್‌ನಲ್ಲಿ ಲೈಸೆನ್ಸ್ ಬದಲಾಯಿಸಿತು, ಅದರಿಂದ ವ್ಯಾಲ್ಕೀ ಎಂಬ ಕವಲು ಹುಟ್ಟಿತು. ಸಂಘದ ಕೋಡನ್ನು ನೀವೇ ಮುಕ್ತವಾಗಿ ಕೊಡುವುದಾದರೆ ಜಿಪಿಎಲ್ ತೊಂದರೆ ಇಲ್ಲ. ನನ್ನ ಹಾಗೆ ಗ್ರಾಹಕರಿಗೆ ಮಾರುವವರು ನೋಡಿ ಹೆಜ್ಜೆ ಇಡಬೇಕು.

ವಾಶಿ_ಸೇತುವೆ

ನಾನು ಕೋಡ್ ಬರೆಯುವವಳಲ್ಲ, ನಮ್ಮ ಸಂಘದ ಕಾರ್ಯದರ್ಶಿಗೆ ಸಹಾಯ ಮಾಡುತ್ತೇನೆ. ಒಂದು ಅಪ್ಲಿಕೇಶನ್ ನಮ್ಮಲ್ಲೂ ಇತ್ತು. ಮಾಡಿಕೊಟ್ಟ ಹುಡುಗ ವಿದೇಶಕ್ಕೆ ಹೋದ. ಆಮೇಲೆ ಬಂದವರು ಯಾರೂ ಅದನ್ನು ಮುಟ್ಟಲು ಒಪ್ಪಲಿಲ್ಲ. ಒಂದನ್ನು ಹೊಸದು ಮಾಡಿದರೆ ಇನ್ನೊಂದು ಮುರಿಯುತ್ತದೆ ಅಂದರು. ಈಗ ಮತ್ತೆ ಎಕ್ಸೆಲ್. ಆದ್ದರಿಂದ ನೀವು ಆರಿಸುವಾಗ ನಿಮ್ಮ ಮೂವರ ನಂತರ ಬರುವವರನ್ನೂ ಲೆಕ್ಕಕ್ಕೆ ಹಿಡಿಯಿರಿ.

ಇನ್ನೊಂದು ವಿನಂತಿ. ನಮ್ಮ ಸದಸ್ಯರಲ್ಲಿ ಎಪ್ಪತ್ತು ದಾಟಿದವರು ಬಹಳ. ದಿನಾಂಕ ಆರಿಸಲು ಬಣ್ಣಬಣ್ಣದ ಪುಟ್ಟ ಚೌಕಗಳ ಪರದೆ ಬಂದರೆ ಬೆರಳು ತಪ್ಪಿ ಪಕ್ಕದ ದಿನಕ್ಕೆ ಬೀಳುತ್ತದೆ. ಹುಟ್ಟಿದ ವರ್ಷ 1948ಕ್ಕೆ ಹೋಗಲು ತಿಂಗಳು ತಿಂಗಳಾಗಿ ಹಿಂದೆ ಒತ್ತುತ್ತಾ ಕೂತವರನ್ನು ನೋಡಿದ್ದೇನೆ.

ಹಿಂಜವಡಿ_ಫೇಸ್3

ಈ ಮಾತಿಗೆ ನನ್ನ ಪೂರ್ತಿ ಬೆಂಬಲ. ಹುಟ್ಟಿದ ದಿನಾಂಕಕ್ಕೆ ಡೇಟ್‌ಪಿಕರ್ ಬೇಡವೇ ಬೇಡ, ದಿನ, ತಿಂಗಳು, ವರ್ಷ ಮೂರು ಖಾನೆ ಇಡಿ. ಬುಕಿಂಗ್ ದಿನಕ್ಕೆ ಬ್ರೌಸರ್‌ನದೇ ಡೇಟ್ ಇನ್‌ಪುಟ್ ಸಾಕು. ಫೋನ್‌ನಲ್ಲಿ ಅವರಿಗೆ ಅಭ್ಯಾಸ ಇರೋ ಪರದೆಯೇ ತೆರೆದುಕೊಳ್ಳುತ್ತೆ. ಪಾಪ್‌ಅಪ್ ಕಿಟಕಿಗೆ ಪ್ಯಾಕೇಜ್ ತರ್ತಿದ್ದ ಕಾಲ ಹೋಯ್ತು: ಡೈಲಾಗ್ ಟ್ಯಾಗ್ 2022ರ ಮಾರ್ಚ್‌ನಿಂದ ಎಲ್ಲ ಮುಖ್ಯ ಬ್ರೌಸರ್‌ಗಳಲ್ಲೂ ಇದೆ, ಎಸ್ಕೇಪ್ ಒತ್ತಿದ್ರೆ ಮುಚ್ಚೋದು, ಫೋಕಸ್ ಒಳಗೇ ಇರೋದು ಎಲ್ಲ ಅದೇ ನೋಡಿಕೊಳ್ಳುತ್ತೆ. ದಿನಾಂಕ ತೋರಿಸೋಕೆ ಮೊಮೆಂಟ್ ಅನ್ನೋ ಪ್ಯಾಕೇಜ್ ತರಬೇಡಿ, 2020ರ ಸೆಪ್ಟೆಂಬರ್‌ನಲ್ಲಿ ಅದರ ತಂಡವೇ ಹೊಸ ಕೆಲಸಕ್ಕೆ ಬೇರೆಯದನ್ನ ನೋಡಿ ಅಂದಿದೆ. ಬ್ರೌಸರ್‌ನೊಳಗಿನ ಇಂಟ್ಲ್ ಅನ್ನೋ ಸೌಲಭ್ಯಕ್ಕೆ ಕೆಎನ್-ಐಎನ್ ಅಂತ ಕೊಟ್ರೆ ತಿಂಗಳ ಹೆಸರು ಕನ್ನಡದಲ್ಲಿ ಬರುತ್ತೆ, ಎಂಆರ್-ಐಎನ್ ಕೊಟ್ರೆ ಮರಾಠಿಯಲ್ಲಿ, ಹಣಕ್ಕೆ ಇಎನ್-ಐಎನ್ ಕೊಟ್ರೆ 1,00,000 ಅಂತ ಲಕ್ಷದ ಕೋಮಾ ಸರಿಯಾಗಿ ಬೀಳುತ್ತೆ. ಕೆಎನ್-ಐಎನ್‌ನಲ್ಲಿ ಕನ್ನಡ ಅಂಕಿಯೇ ಬೇಕು ಅಂದ್ರೆ ಎನ್‌ಯು-ಕೆಎನ್‌ಡಿಎ ಅನ್ನೋ ಗುರುತು ಸೇರಿಸಬೇಕು, ಇಲ್ಲದಿದ್ರೆ 1 2 3 ಬರುತ್ತೆ.

ಪುಟದ ತೂಕವನ್ನೂ ನೋಡಿ. ಪಾಸು ಬುಕ್ ಮಾಡೋರು ಡೆಕ್ಕನ್ ಕ್ವೀನ್‌ನಲ್ಲಿ ಕರ್ಜತ್ ಲೋಣಾವಳದ ಸುರಂಗಗಳ ನಡುವೆ ಇರಬಹುದು. ಎರಡು ಸುರಂಗದ ನಡುವೆ ಸಿಗೋ ನೆಟ್‌ವರ್ಕ್‌ನಲ್ಲಿ ಪುಟ ಇಳಿಯಬೇಕು.

ಕೊತ್ರೂಡ್_ಧಾರವಾಡಿ

ಪೇಮೆಂಟ್?

ಡೊಂಬಿವಲಿ_ಫಾಸ್ಟ್

ಕಾರ್ಡ್ ಸಂಖ್ಯೆ ನಿಮ್ಮ ಸರ್ವರ್ ಹೊಸ್ತಿಲು ದಾಟಲೇಬಾರದು. 2022ರ ಅಕ್ಟೋಬರ್ 1ರಿಂದ ವ್ಯಾಪಾರಿಗಳು ಕಾರ್ಡ್ ವಿವರ ಇಟ್ಟುಕೊಳ್ಳುವಂತಿಲ್ಲ ಅಂತ ರಿಸರ್ವ್ ಬ್ಯಾಂಕಿನ ನಿಯಮವೂ ಇದೆ. ಹಣ ಕಟ್ಟಿಸಿಕೊಳ್ಳುವ ಪೇಮೆಂಟ್ ಗೇಟ್‌ವೇ ಕಂಪನಿಯ ಸ್ವಂತ ಪುಟಕ್ಕೆ ಸದಸ್ಯರನ್ನು ಕಳಿಸಿ, ವಾಪಸ್ ಬರುವ ಸಂದೇಶದ ಸಹಿಯನ್ನು ಸರ್ವರಿನಲ್ಲಿ ಪರೀಕ್ಷಿಸಿ. ಬ್ರೌಸರ್ "ಹಣ ಬಂತು" ಅಂದದ್ದನ್ನು ನಂಬಿ ರಸೀದಿ ಕೊಡಬೇಡಿ. ಗೇಟ್‌ವೇಯನ್ನು ಕರೆಯುವ ಕೋಡ್ ಒಂದೇ ಫೈಲಿನಲ್ಲಿರಲಿ, ಬದಲಿಸಬೇಕಾದಾಗ ಆ ಫೈಲ್ ಮಾತ್ರ ಬದಲಾಗುತ್ತದೆ.

ಈಗ ತಂದ ಮೇಲಿನ ಮಾತು. ಹೆಚ್ಚಿನವರು ಆರಿಸುವುದರಲ್ಲಿ ಶ್ರದ್ಧೆ ತೋರಿಸಿ ಆಮೇಲೆ ಆ ಕಡೆ ತಿರುಗಿಯೂ ನೋಡುವುದಿಲ್ಲ. ಅಮೆರಿಕದ ಸಾಲ ಮಾಹಿತಿ ಕಂಪನಿ ಇಕ್ವಿಫ್ಯಾಕ್ಸ್‌ನ ಕಥೆ ಅದೇ. ಅವರು ಬಳಸುತ್ತಿದ್ದ ಅಪಾಚೆ ಸ್ಟ್ರಟ್ಸ್ ಎಂಬ ಚೌಕಟ್ಟಿನ ದೋಷಕ್ಕೆ 2017ರ ಮಾರ್ಚ್‌ನಲ್ಲೇ ತಿದ್ದುಪಡಿ ಬಂದಿತ್ತು, ಅವರು ಹಾಕಿರಲಿಲ್ಲ, ಮೇ ತಿಂಗಳಿಂದ ಕಳ್ಳರು ಒಳಗಿದ್ದರು. ಸುಮಾರು 14.7 ಕೋಟಿ ಅಮೆರಿಕನ್ನರ ವಿವರ ಹೋಯಿತು. 2021ರ ಡಿಸೆಂಬರ್‌ನಲ್ಲಿ ಲಾಗ್4ಜೆ ಎಂಬ ಜಾವಾ ಪ್ಯಾಕೇಜಿನ ದೋಷ ಹೊರಬಂದಾಗ ಎಷ್ಟೋ ಕಂಪನಿಗಳಿಗೆ ಅದು ತಮ್ಮಲ್ಲಿ ಎಲ್ಲೆಲ್ಲಿ ಇದೆ ಎಂಬುದೇ ಗೊತ್ತಿರಲಿಲ್ಲ. ಅದನ್ನು ಅವರು ನೇರವಾಗಿ ತಂದಿರಲೇ ಇಲ್ಲ, ತಂದದ್ದರ ಒಳಗೆ ಅದಿತ್ತು. ಯಾವ ಅಪ್ಲಿಕೇಶನ್ನಿನಲ್ಲಿ ಏನೇನು ಸೇರಿದೆ ಅಂತ ಪಟ್ಟಿ ಇಡುವುದಕ್ಕೆ ಎಸ್‌ಬಾಮ್ ಅನ್ನುತ್ತಾರೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2024ರ ಅಕ್ಟೋಬರ್‌ನಲ್ಲಿ ಅದಕ್ಕೆ ಮಾರ್ಗಸೂಚಿ ಕೊಟ್ಟಿತು. ಷೇರುಪೇಟೆ ನಿಯಂತ್ರಕ ಸೆಬಿಯ ಸೈಬರ್ ಭದ್ರತಾ ಚೌಕಟ್ಟಿನಲ್ಲೂ ಅದು ಇರುವುದರಿಂದ ಇಲ್ಲಿ ಬ್ರೋಕರುಗಳಿಗೆ ಸಾಫ್ಟ್‌ವೇರ್ ಕೊಡುವ ನಮ್ಮಂಥವರಿಗೆ ಅದು ದಿನನಿತ್ಯದ ಕೆಲಸ. ಸಂಘಕ್ಕೆ ಅಷ್ಟು ಬೇಡ, ಯಾವ ಪ್ಯಾಕೇಜಿನ ಯಾವ ಆವೃತ್ತಿ ಅಂತ ಬರೆದಿಡುವ ಲಾಕ್ ಫೈಲನ್ನು ಕೋಡಿನ ಜೊತೆ ರೆಪೊಸಿಟರಿಯಲ್ಲಿ ಇಟ್ಟು, ಸರ್ವರಿಗೆ ಹಾಕುವಾಗ ಅವೇ ಆವೃತ್ತಿಗಳನ್ನು ತರುವ ಎನ್‌ಪಿಎಂ ಸಿಐ ಆದೇಶ ಓಡಿಸಿ.

ತದ್ವಿರುದ್ಧ ಅಪಾಯವೂ ಇದೆ, ಹೊಸದು ಬಂದ ಗಳಿಗೆಯಲ್ಲೇ ಹಾಕಿಕೊಳ್ಳುವುದು. 2018ರಲ್ಲಿ ಇವೆಂಟ್‌ಸ್ಟ್ರೀಮ್ ಪ್ಯಾಕೇಜನ್ನು ನೋಡಿಕೊಳ್ಳಲು ಬಿಡುವಿಲ್ಲದ ಲೇಖಕ, ಸಹಾಯ ಮಾಡುತ್ತೇನೆ ಅಂತ ಬಂದ ಅಪರಿಚಿತನಿಗೆ ಅದನ್ನು ಒಪ್ಪಿಸಿದ. ಆತ ಬಿಟ್‌ಕಾಯಿನ್ ಕದಿಯುವ ಕೋಡನ್ನು ಒಳಗೆ ಸೇರಿಸಿದ. 2025ರ ಸೆಪ್ಟೆಂಬರ್‌ನಲ್ಲಿ ಚಾಕ್, ಡಿಬಗ್ ಸೇರಿ 18 ಪ್ಯಾಕೇಜುಗಳು ಒಂದೇ ಒಂದು ನಕಲಿ ಇಮೇಲ್‌ನಿಂದ ಕಳ್ಳರ ಕೈಗೆ ಹೋದವು. ವಾರಕ್ಕೆ 200 ಕೋಟಿಗೂ ಹೆಚ್ಚು ಸಲ ಡೌನ್‌ಲೋಡ್ ಆಗುವ ಪ್ಯಾಕೇಜುಗಳು ಅವು. ಡೌನ್‌ಲೋಡ್ ಸಂಖ್ಯೆ ಅಳತೆಯಲ್ಲ ಅಂತ ನಾನು ಹೇಳುವುದು ಇದಕ್ಕೇ. ಕೆಲವೇ ಗಂಟೆಗಳಲ್ಲಿ ಅದನ್ನು ಹಿಡಿದರು, ಆದ್ದರಿಂದ ಹೊಸ ಆವೃತ್ತಿಗೆ ಕೆಲವು ದಿನ ಕಾದವರಿಗೆ ಏನೂ ಆಗಲಿಲ್ಲ. ಎನ್‌ಪಿಎಂ ಉಪಕರಣದ ಬದಲು ಬಳಸುವ ಪಿಎನ್‌ಪಿಎಂನಲ್ಲಿ ಇಷ್ಟು ಹೊತ್ತು ಹಳೆಯದಾಗದ ಆವೃತ್ತಿ ಬೇಡ ಅಂತ ಹೇಳುವ ಸೆಟ್ಟಿಂಗ್ ಈಗ ಇದೆ. ಭದ್ರತಾ ತಿದ್ದುಪಡಿಗೆ ಮಾತ್ರ ಕಾಯಬೇಡಿ, ಅದನ್ನು ಓದಿ ಕೈಯಾರೆ ಹಾಕಿ.

ಬೇರೆಯವರ ಸರ್ವರಿನಿಂದ ನೇರ ಸ್ಕ್ರಿಪ್ಟ್ ಎಳೆಯುವುದನ್ನೂ ಬಿಡಿ. ಹಳೆಯ ಬ್ರೌಸರುಗಳಿಗೆ ಬೇಕಾದ ಸ್ಕ್ರಿಪ್ಟ್ ಕೊಡುತ್ತಿದ್ದ ಪಾಲಿಫಿಲ್ ಡಾಟ್ ಐಒ ಡೊಮೇನ್ 2024ರಲ್ಲಿ ಕೈ ಬದಲಾಯಿತು, ಜೂನ್ ಹೊತ್ತಿಗೆ ಅದನ್ನು ನಂಬಿದ್ದ ಒಂದು ಲಕ್ಷಕ್ಕೂ ಹೆಚ್ಚು ಸೈಟುಗಳಿಗೆ ವಿಷ ಹಂಚುತ್ತಿತ್ತು. ಅವರು ಯಾರೂ ಹೊಸದಾಗಿ ಏನನ್ನೂ ಹಾಕಿಕೊಂಡಿರಲಿಲ್ಲ.

ಕೊತ್ರೂಡ್_ಧಾರವಾಡಿ

ನಿನ್ನೆ ಮೂವರೂ ಕೂತು ಇದೆಲ್ಲಾ ಓದಿದ್ವಿ. ಹೀಂಗ ಆಗೇದ: ಲಾಗಿನ್, ಅಡ್ಮಿನ್ ಜಾಂಗೊದ್ದೇ. ಪಿಡಿಎಫ್‌ಗೆ ವೀಸಿಪ್ರಿಂಟ್. ಹಣಕ್ಕ ಗೇಟ್‌ವೇ ಪುಟ. ಸಭಾಂಗಣದ ನೋಟ ಸಾದಾ ಟೇಬಲ್, ಕಾಯೋದು ಪೋಸ್ಟ್‌ಗ್ರೆಸ್. ಎಡಿಟರ್ ಅನ್ನೋದು ಬ್ಯಾಡೇ ಬ್ಯಾಡ ಅಂತ ಆತು, ಪ್ರಕಟಣೆಗೆ ಸಾದಾ ಪಠ್ಯ ಸಾಕು. ವಾಶಿಯ ತಾಯಿ ಹೇಳಿದ್ದು ಮನಸ್ಸಿಗೆ ಭಾಳ ತಟ್ಟಿತು. ಪ್ರತಿ ಕಾಂಪೊನೆಂಟು ಯಾಕ ತಂದ್ವಿ, ತಗೀಬೇಕಂದ್ರ ಯಾವ ಫೈಲ್ ಮುಟ್ಟಬೇಕು ಅಂತ ಕನ್ನಡದಾಗ ಬರದು ಕೋಡ್ ಜೋಡಿನೇ ಇಡತೀವಿ.

ಒಂದು ಉಳದದ. ಹಳೇ ಸದಸ್ಯರ ಪಟ್ಟಿ ನುಡಿ ಫಾಂಟಿನೊಳಗ ಅದ, ಮರಾಠಿ ಪತ್ರಗಳು ಶ್ರೀಲಿಪಿ ಫಾಂಟಿನೊಳಗ. ಯೂನಿಕೋಡಿಗೆ ತರೋ ರೆಡಿಮೇಡ್ ಕನ್ವರ್ಟರ್ ನಂಬಬಹುದೇನ್ರಿ?

ಒತ್ತಕ್ಷರ

ತರಬಹುದು, ಪರೀಕ್ಷೆ ಮಾಡಿ ತನ್ನಿ. ಎರಡರ ಸಂಕೇತ ವ್ಯವಸ್ಥೆಯೂ ಬೇರೆ ಬೇರೆ, ಒಂದರ ಕನ್ವರ್ಟರ್ ಇನ್ನೊಂದಕ್ಕೆ ನಡೆಯದು. ನುಡಿಯಲ್ಲಿ ಎಡವುವುದು ಅರ್ಕಾವತ್ತಿನಲ್ಲಿ. ಹಳೆಯ ಫಾಂಟಿನಲ್ಲಿ "ಕುಲಕರ್ಣಿ" ಬರೆದಾಗ ಅರ್ಕಾವತ್ತು ಣಿಯ ನಂತರ ಕೂತಿರುತ್ತದೆ, ಕಣ್ಣಿಗೆ ಕಾಣುವ ಕ್ರಮದಲ್ಲಿ. ಯೂನಿಕೋಡಿನಲ್ಲಿ ರ್ ಮೊದಲು ಬರಬೇಕು. ಅರೆಬೆಂದ ಕನ್ವರ್ಟರುಗಳು ಅದನ್ನು ಹಿಂದಕ್ಕೆ ಸರಿಸದೆ ಬಿಡುತ್ತವೆ. ಪುಣೆಯ ಪಟ್ಟಿಯಲ್ಲಿ ಕುಲಕರ್ಣಿಯರು ಎಷ್ಟಿರಬಹುದು ಅಂತ ನಾನು ಹೇಳಬೇಕಿಲ್ಲ.

ಇದು ಒಂದೇ ಸಲ ಮಾಡುವ ಕೆಲಸ, ಆದ್ದರಿಂದ ಕನ್ವರ್ಟರನ್ನು ಅಪ್ಲಿಕೇಶನ್ನಿನ ಒಳಗೆ ಸೇರಿಸಬೇಡಿ. ಹೊರಗಡೆ ಓಡಿಸಿ, ಬಂದ ಪಟ್ಟಿಯನ್ನು ಎನ್‌ಎಫ್‌ಸಿ ಮಾಡಿ, ಅರ್ಕಾವತ್ತು ಇರುವ ಸಾಲುಗಳನ್ನೆಲ್ಲ ಬೇರೆ ತೆಗೆದು ಸಂಘದ ಹಿರಿಯರಲ್ಲಿ ಯಾರಾದರೂ ಒಬ್ಬರಿಗೆ ಓದಲು ಕೊಡಿ. ಮೂಲ ನುಡಿ ಫೈಲನ್ನು ಅಳಿಸಬೇಡಿ. ಪಟ್ಟಿಯ ಒಂದು ಪುಟದಲ್ಲಿ ಹೆಸರುಗಳನ್ನು ಬದಲಿಸಿ ಇಲ್ಲಿ ಹಾಕಿದರೆ ಯಾವ ಕನ್ವರ್ಟರ್ ಸರಿ ಬರುತ್ತದೆ ಅಂತ ನಾನೇ ಓಡಿಸಿ ನೋಡಿ ಹೇಳುತ್ತೇನೆ.

ಕೊತ್ರೂಡ್_ಧಾರವಾಡಿ

ಶನಿವಾರ ಹಾಕ್ತೀನ್ರಿ.